ಹಲ್ಲಿನ ಕೆಲಸ ಕಲಬುರಗಿದಾಗೇ ಮುಗಿಸ್ಕೊಂಡು ಬಾ

ತಮ್ಮಾ, ಸೆಪ್ಟೆಂಬರ್‌ನಾಗ ಇಂಗ್ಲೆಂಡಿನ ಲೆಸ್ಟರ್‌ಗೆ ಓದ್ಲಿಕ್ಕೆ ಬರ್ತೀನಿ, ದಿನಕ್ಕ ಹತ್ತು ಸಿಗರೇಟ್ ಸೇದ್ತೀನಿ, ಆಗಾಗ ಗುಟಕಾನೂ ಅದ, ಒಂದು ದವಡಿ ಹಲ್ಲು ತಣ್ಣೀರಿಗೆ ಜುಮ್ ಅಂತದ, ವೀಸಾದ ಕೂಡ ಹೆಲ್ತ್ ಸರ್ಚಾರ್ಜ್ ಕಟ್ಟೀನಿ, ಅಲ್ಲೇ ಬಂದು ತೋರ್ಸಿದ್ರ ನಡೀತದೇನು ಅಂತ ಕೇಳಿದಿ. ಅದನ್ನ ನೆಚ್ಚಬ್ಯಾಡ.

ಸರ್ಚಾರ್ಜ್ ಕಟ್ಟಿದ್ರ ಜಿಪಿ (ಸಾದಾ ಕಾಯಿಲಿ ನೋಡೋ ಡಾಕ್ಟರ್), ದವಾಖಾನಿ ಸಿಗ್ತಾವ. ಹಲ್ಲಿಗೆ ಬ್ಯಾರೆ ರೊಕ್ಕ. ಇಂಗ್ಲೆಂಡಿನಾಗ 2025ರ ಏಪ್ರಿಲ್‌ನಿಂದ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವಾ) ದರ ಹಿಂಗಿದ್ವು: ತಪಾಸಣಿ, ಎಕ್ಸ್‌ರೇ 27.40 ಪೌಂಡ್, ಹುಳುಕು ತುಂಬೋದು, ರೂಟ್ ಕೆನಾಲ್, ಹಲ್ಲು ಕೀಳೋದು 75.30, ಕ್ಯಾಪ್ ಹಾಕಿದ್ರ 326.70. ಹೊಸಬರನ್ನ ತಗೊಳ್ಳೋ ಎನ್‌ಎಚ್‌ಎಸ್ ಡೆಂಟಿಸ್ಟ್ ಸಿಗೋದೇ ಕಷ್ಟ, ಖಾಸಗಿಗೆ ಹೋದ್ರ ಭಾಳ ತುಟ್ಟಿ. ಜಿಪಿ ಹಲ್ಲಿಗೆ ಕೈ ಹಚ್ಚಂಗಿಲ್ಲ. ಊರಾಗಿನಂಗ ಅಂಗಡಿಗೆ ಹೋಗಿ ಆಂಟಿಬಯೋಟಿಕ್ ಕೇಳಿದ್ರ ಚೀಟಿ ಇಲ್ಲದ ಕೊಡಂಗಿಲ್ಲ. ರಾತ್ರಿ ಬ್ಯಾನಿ ತಡೀಲಾರದಂಗ ಆದ್ರ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕ ಫೋನ್ ಮಾಡು.

ಅದಕ್ಕ ಎರಡು ತಿಂಗಳು ಮೊದಲೇ ಸೇಡಂ ರೋಡಿನ ನಿಜಲಿಂಗಪ್ಪ ಡೆಂಟಲ್ ಕಾಲೇಜಿಗೋ ಅಲ್-ಬದರ್‌ಗೋ ಹೋಗು. ಕಾಲೇಜಿನಾಗ ಖರ್ಚು ಕಡಿಮಿ, ಆದ್ರ ಪದೇ ಪದೇ ಕರೀತಾರ. ರೂಟ್ ಕೆನಾಲ್ ಅರ್ಧಕ್ಕ ಬಿಟ್ಟು ವಿಮಾನ ಹತ್ತಬ್ಯಾಡ. ನಡುವ ತಾತ್ಕಾಲಿಕ ತುಂಬೋ ಸಿಮೆಂಟ್ ಕೆಲವು ವಾರದ್ದಷ್ಟೇ. ಅದು ಸವೆದು ಸಂದಿ ಬಿದ್ರ ಕ್ರಿಮಿ ಮತ್ತ ಒಳಗ ಸೇರಿ ಕೀವು ಆಗ್ತದ. ಕ್ಯಾಪ್‌ನೂ ಹಾಕಿಸ್ಕೋ. ಅದಿಲ್ಲದ ದವಡಿ ಹಲ್ಲು ಕಡಕ್ ರೊಟ್ಟಿ ಕಡದ್ರ ಸೀಳ್ತದ.

ಹಲ್ಲು ಕೀಳಿಸಿದ್ರ ಮೂರು ದಿನ ಸಿಗರೇಟ್ ಮುಟ್ಟಬ್ಯಾಡ. ಕುಣಿಯೊಳಗ ಹೆಪ್ಪುಗಟ್ಟಿದ ರಕ್ತಾನೇ ಎಲುಬಿಗೆ ಹೊದಿಕಿ. ಜಗ್ಗಿ ಸೇದಿದ್ರ ಅದು ಕಿತ್ತು ಬರ್ತದ, ಹೊಗಿ ಮಾಯೋದನ್ನೂ ತಡೀತದ. ಎಲುಬು ಬಯಲಾಗಿ ಎರಡನೇ, ಮೂರನೇ ದಿನಕ್ಕ ಕಿವಿತನಕ ಸೆಳೀತದ.

“ನನ್ನ ವಸಡಿನಾಗ ರಕ್ತ ಬರಂಗಿಲ್ಲ, ಚಲೋ ಅವ” ಅಂತ ಬರ್ದಿ. ಸೇದವರು ಮೋಸ ಹೋಗೋದು ಇಲ್ಲೇ. ನಿಕೋಟಿನ್ ವಸಡಿನ ಸಣ್ಣ ರಕ್ತನಾಳ ಬಿಗಿ ಮಾಡ್ತದ; ಒಳಗ ಎಲುಬು ಕರಗ್ಲಿಕತ್ತಿದ್ರೂ ಮ್ಯಾಲ ರಕ್ತ ಕಾಣಂಗಿಲ್ಲ. ಹಲ್ಲು ಅಳ್ಳಾಡಿದಾಗ ಗೊತ್ತಾದ್ರ ಹೊತ್ತು ಮೀರಿರ್ತದ. ಪ್ರೋಬ್ (ಗುರುತು ಹಾಕಿದ ಸಣ್ಣ ಕಡ್ಡಿ) ಹಾಕಿ ವಸಡಿನ ಆಳ ಅಳೀರಿ ಅಂತ ಬಾಯಿಬಿಟ್ಟು ಕೇಳು: 3 ಮಿಲಿಮೀಟರ್ ತನಕ ಸರಿ, 4 ಅಥವಾ ಹೆಚ್ಚಿದ್ರ ಬೇರತನಕ ಸ್ವಚ್ಛ ಮಾಡಿಸ್ಬೇಕು.

ಗುಟಕಾಕ್ಕ ಇನ್ನೊಂದು ಪರೀಕ್ಷಾ ಅದ. ಮೂರು ಬೆರಳು ಒಂದರ ಮ್ಯಾಲ ಒಂದಿಟ್ಟು ಬಾಯಾಗ ಹಿಡಿಸ್ತಾವೇನು ನೋಡು. ಹಿಡಿಸ್ಲಿಲ್ಲಂದ್ರ, ಖಾರ ತಿಂದ್ರ ಬಾಯಿ ಉರಿದ್ರ, ಅಡಿಕಿಯಿಂದ ಗಲ್ಲದ ಒಳಗ ಬಿಗಿ ಆಗ್ಲಿಕತ್ತದ ಅಂತ ತಿಳ್ಕೋ, ಇವತ್ತೇ ಬಿಡು. ಉಜ್ಜಿದ್ರೂ ಹೋಗದ ಬಿಳಿ ಮಚ್ಚಿ, ಮೂರು ವಾರಕ್ಕೂ ಮಾಯದ ಹುಣ್ಣು ಇದ್ರ ಎಲ್ಲಿದ್ದೀ ಅಲ್ಲೇ ತೋರ್ಸು.

ಸಿಗರೇಟ್ ಇಲ್ಲಿ ಬಿಡಿ ಮಾರಂಗಿಲ್ಲ, 20ರ ಪ್ಯಾಕೇ ತಗೋಬೇಕು. ಬರೋಮುಂದ ತೆರಿಗಿ ಕಟ್ಟದ ತರೋದಕ್ಕೂ 200 ಸಿಗರೇಟಿನ ಮಿತಿ ಅದ. ಬಿಡ್ಲಿಕ್ಕೆ ಈಗೇ ಶುರು ಮಾಡು. ಭಾರತದಾಗ 1800-11-2356 ಪುಕ್ಕಟ ಸಹಾಯವಾಣಿ. ದಿನಕ್ಕ ಹತ್ತು ಸೇದವ್ರಿಗೆ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಾಕು. ಬಬಲ್‌ಗಮ್‌ನಂಗ ಒಂದೇ ಸಮನೆ ಜಗಿದ್ರ ಬಿಕ್ಕಳಿಕಿ ಬರ್ತದ. ಜಗಿದು, ಚುರುಗುಟ್ಟಿದ ಕೂಡ್ಲೇ ಗಲ್ಲ-ವಸಡಿನ ನಡುವ ಒತ್ತಿಡು, ಚುರುಕು ಇಳಿದ ಮ್ಯಾಲ ಮತ್ತ ಜಗಿ. ಹಿಂಗ ಅರ್ಧ ತಾಸು. ಅದಕ್ಕ 15 ನಿಮಿಷ ಮೊದಲು ಕಾಫಿ, ನಿಂಬಿಹಣ್ಣಿನ ಪಾನಕ ಕುಡೀಬ್ಯಾಡ, ಕುಡಿದ್ರ ನಿಕೋಟಿನ್ ಹೀರ್ಕೊಳ್ಳಂಗಿಲ್ಲ.

ಹೊಂಡೋ ಮೊದಲು ಪೂರ್ತಿ ದವಡಿಯ ಎಕ್ಸ್‌ರೇ, ಅದೇ ಓಪಿಜಿ, ಫೋನಿನಾಗ ಹಾಕ್ಕೋ.