ಓದುಗರ ಪ್ರಶ್ನೆ: ಎಡ್ವಿನ್ ಆರ್ಮ್‌ಸ್ಟ್ರಾಂಗ್ ಗೆದ್ದದ್ದು, ಸೋತದ್ದು

ಪ್ರಶ್ನೆ: ಹಳೆಯ ವಾಲ್ವ್ ರೇಡಿಯೊಗಳ ರೀಜನರೇಟಿವ್ ಸರ್ಕ್ಯೂಟನ್ನು ಕಂಡುಹಿಡಿದವರು ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂದು ಒಂದು ಕಡೆ ಓದಿದೆ, ಲೀ ಡಿ ಫಾರೆಸ್ಟ್ ಎಂದು ಇನ್ನೊಂದು ಕಡೆ. ಯಾವುದನ್ನು ನಂಬಬೇಕು?

ಉತ್ತರ: ಅಮೆರಿಕದ ಸುಪ್ರೀಂ ಕೋರ್ಟನ್ನು ಕೇಳಿದರೆ ಡಿ ಫಾರೆಸ್ಟ್, ಆ ಕಾಲದ ರೇಡಿಯೊ ಎಂಜಿನಿಯರುಗಳನ್ನು ಕೇಳಿದರೆ ಆರ್ಮ್‌ಸ್ಟ್ರಾಂಗ್. ಈ ಅಂಕಣಕಾರನ ಒಲವು ಎರಡನೆಯ ಉತ್ತರದ ಕಡೆಗಿದೆ.

ದುರ್ಬಲ ಸಂಕೇತವನ್ನು ದೊಡ್ಡದು ಮಾಡಬಲ್ಲ, ಮೂರು ವಿದ್ಯುದ್ವಾರಗಳ ಗಾಜಿನ ನಳಿಕೆಯಾದ ಆಡಿಯನ್ ವಾಲ್ವನ್ನು 1906ರಲ್ಲಿ ರೂಪಿಸಿದವರು ಡಿ ಫಾರೆಸ್ಟ್ ಎಂಬುದರಲ್ಲಿ ವಿವಾದವಿಲ್ಲ. ಆದರೆ ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಅವರಿಗೇ ಸರಿಯಾಗಿ ತಿಳಿದಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಿದ್ದ ಆರ್ಮ್‌ಸ್ಟ್ರಾಂಗ್ ಆ ವಾಲ್ವಿನ ವಿದ್ಯುತ್ತನ್ನು ತಾಳ್ಮೆಯಿಂದ ಅಳೆಯುತ್ತಾ ಹೋದರು. ಹುಡುಗನಾಗಿದ್ದಾಗಲೇ ನ್ಯೂಯಾರ್ಕ್ ಪಕ್ಕದ ಯಾಂಕರ್ಸ್ ಊರಿನ ಮನೆಯಂಗಳದಲ್ಲಿ 125 ಅಡಿ ಎತ್ತರದ ಆಂಟೆನಾ ಕಂಬ ಕಟ್ಟಿದ್ದ ವ್ಯಕ್ತಿ ಅವರು; ಪುಸ್ತಕದಲ್ಲಿ ಇದ್ದುದನ್ನು ಪರೀಕ್ಷಿಸದೆ ಒಪ್ಪುವುದು ಅವರ ಸ್ವಭಾವವಾಗಿರಲಿಲ್ಲ. 1912ರಲ್ಲಿ ಅವರಿಗೆ ಹೊಳೆದದ್ದು ಇಷ್ಟು: ವಾಲ್ವ್ ದೊಡ್ಡದು ಮಾಡಿ ಹೊರಗೆ ಬಿಟ್ಟ ಸಂಕೇತದಲ್ಲಿ ಒಂದಂಶವನ್ನು ಸುರುಳಿಯೊಂದರ ಮೂಲಕ ಮತ್ತೆ ಒಳಬಾಗಿಲಿಗೇ ತಂದುಕೊಟ್ಟರೆ, ಅದು ಮತ್ತೆ ಮತ್ತೆ ವರ್ಧನೆಗೊಂಡು, ಕಿವಿಗೆ ಹತ್ತಿದರೂ ಹತ್ತದಂತಿದ್ದ ದೂರದ ಕೇಂದ್ರವೂ ಸ್ಪಷ್ಟವಾಗಿ ಕೇಳಿಸುತ್ತದೆ. ಹೀಗೆ ಹಿಂದಕ್ಕೆ ತರುವ ಪ್ರಮಾಣವನ್ನು ಒಂದು ಮಿತಿಗಿಂತ ಹೆಚ್ಚಿಸಿದರೆ ವಾಲ್ವ್ ತಾನೇ ಶಿಳ್ಳೆ ಹಾಕತೊಡಗುತ್ತದೆ. ಆ ಶಿಳ್ಳೆ ಕೇವಲ ಕಿರಿಕಿರಿಯಲ್ಲ, ವಾಲ್ವ್ ಸ್ವತಃ ರೇಡಿಯೊ ಅಲೆಗಳನ್ನು ಹುಟ್ಟಿಸುತ್ತಿರುವುದರ ಗುರುತು ಎಂಬುದನ್ನೂ ಅವರು ಅರಿತರು. ಗ್ರಾಹಕಕ್ಕೂ (ರಿಸೀವರ್) ಪ್ರೇಷಕಕ್ಕೂ (ಟ್ರಾನ್ಸ್‌ಮಿಟರ್) ಒಂದೇ ಉಪಾಯದಿಂದ ದಾರಿ ತೆರೆದಂತಾಯಿತು.

ಪದವಿ ಮುಗಿಯುವವರೆಗೆ ಪೇಟೆಂಟಿಗೆ ಹಣ ಕೊಡುವುದಿಲ್ಲ ಎಂದು ತಂದೆ ಹೇಳಿದ್ದರಿಂದ, ಆರ್ಮ್‌ಸ್ಟ್ರಾಂಗ್ 1913ರ ಜನವರಿ 31ರಂದು ಸರ್ಕ್ಯೂಟಿನ ನಕ್ಷೆಗೆ ನೋಟರಿಯ ಮುದ್ರೆಯನ್ನಷ್ಟೇ ಹಾಕಿಸಿಟ್ಟುಕೊಂಡರು. ಅರ್ಜಿ ಸಲ್ಲಿಸಿದ್ದು ಅಕ್ಟೋಬರ್ 29ರಂದು. ಮುಂದೆ ಡಿ ಫಾರೆಸ್ಟ್, ತಾವು 1912ರ ಆಗಸ್ಟ್‌ನಲ್ಲೇ ಇಂಥದ್ದೊಂದು ಊಳನ್ನು ಕೇಳಿದ್ದಾಗಿ ಟಿಪ್ಪಣಿ ಪುಸ್ತಕ ತೋರಿಸಿದರು. ಅವರ ತಂಡ ಆಗ ಪರೀಕ್ಷಿಸುತ್ತಿದ್ದುದು ಟೆಲಿಫೋನ್ ವರ್ಧಕವನ್ನು; ಊಳು ಅವರಿಗೆ ತೊಡಕಾಗಿ ಕಂಡಿತ್ತೇ ಹೊರತು ಉಪಯುಕ್ತವಾಗಿ ಅಲ್ಲ. ಆದರೂ ವರ್ಷಗಟ್ಟಲೆ ನಡೆದ ವ್ಯಾಜ್ಯದ ಕೊನೆಗೆ, 1934ರಲ್ಲಿ, ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರವಾಗಿ ತೀರ್ಪು ನೀಡಿತು. ಅದೇ ವರ್ಷ ಆರ್ಮ್‌ಸ್ಟ್ರಾಂಗ್, ರೇಡಿಯೊ ಎಂಜಿನಿಯರುಗಳ ಸಂಸ್ಥೆ ಈ ಆವಿಷ್ಕಾರಕ್ಕಾಗಿ ತಮಗೆ ಕೊಟ್ಟಿದ್ದ ಪದಕವನ್ನು ಹಿಂದಿರುಗಿಸಲು ಅದರ ಸಮಾವೇಶಕ್ಕೆ ಹೋದರು. ಸಂಸ್ಥೆ ಅದನ್ನು ಮರಳಿ ಪಡೆಯಲು ಒಪ್ಪದೆ, ಹಿಂದಿನ ಗೌರವವನ್ನೇ ಮತ್ತೊಮ್ಮೆ ದೃಢಪಡಿಸಿತು.

ಪ್ರಶ್ನೆ: ‘ಸೂಪರ್‌ಹೆಟರೊಡೈನ್’ ಎಂದರೇನು? ಅದೂ ಇವರದೇ ಕೊಡುಗೆಯೇ?

ಉತ್ತರ: ಹೌದು. ಮೊದಲ ಮಹಾಯುದ್ಧದ ಕಾಲದಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್‌ನಲ್ಲಿದ್ದಾಗ, 1918ರಲ್ಲಿ, ಅವರು ಈ ಗ್ರಾಹಕ ಸರ್ಕ್ಯೂಟನ್ನು ರೂಪಿಸಿದರು. ಫ್ರಾನ್ಸಿನ ಲೂಸಿಯೆನ್ ಲೆವಿ ಕೂಡ ಇದೇ ವಿಚಾರಕ್ಕೆ ಹಕ್ಕು ಹೂಡಿದ್ದರೆಂಬುದನ್ನು ಮರೆಯಬಾರದು. ತತ್ತ್ವ ಸರಳವಾಗಿದೆ. ನೀವು 1000 ಕಿಲೊಹರ್ಟ್ಸ್‌ನ ಕೇಂದ್ರಕ್ಕೆ ಗುಂಡಿ ತಿರುಗಿಸಿದಾಗ ರೇಡಿಯೊ ತನ್ನೊಳಗೇ 1455 ಕಿಲೊಹರ್ಟ್ಸ್‌ನ ಕಂಪನವೊಂದನ್ನು ಹುಟ್ಟಿಸಿ ಎರಡನ್ನೂ ಬೆರೆಸುತ್ತದೆ, ವ್ಯತ್ಯಾಸ 455. ಬೇರೆ ಕೇಂದ್ರಕ್ಕೆ ಹೋದರೆ ಒಳಗಿನ ಕಂಪನವೂ ಜೊತೆಗೇ ಸರಿಯುವುದರಿಂದ ವ್ಯತ್ಯಾಸ ಮಾತ್ರ ಬದಲಾಗದು. ಹಾಗಾಗಿ ವರ್ಧಕವನ್ನು ಆ ಒಂದೇ ಕಂಪನಾಂಕಕ್ಕೆ ಚೆನ್ನಾಗಿ ಹೊಂದಿಸಿಟ್ಟರೆ ಸಾಕು.

ಪ್ರಶ್ನೆ: ಎಫ್‌ಎಂ 1930ರ ದಶಕದಲ್ಲೇ ಸಿದ್ಧವಾಗಿದ್ದರೆ, ಅದು ಮನೆಮನೆಗೆ ತಲುಪಲು ಅಷ್ಟು ಕಾಲ ಏಕೆ ಹಿಡಿಯಿತು?

ಉತ್ತರ: ಮೊದಲ ಅಡ್ಡಿ ಗಣಿತದ್ದು. ಅಲೆಯ ಎತ್ತರವನ್ನು ಬದಲಿಸುವ ಎಎಂ ವಿಧಾನದಲ್ಲಿ ಸಿಡಿಲಿನ ಗದ್ದಲವೂ ಎತ್ತರವನ್ನೇ ಕೆಡಿಸುವುದರಿಂದ ಕರಕರ ಸದ್ದನ್ನು ಬೇರ್ಪಡಿಸುವುದು ಕಷ್ಟವಾಗಿತ್ತು. ಎತ್ತರದ ಬದಲು ಕಂಪನಾಂಕವನ್ನು ಬದಲಿಸುವುದರಿಂದ, ಅಂದರೆ ಎಫ್‌ಎಂನಿಂದ, ಲಾಭವಿಲ್ಲವೆಂದು ಅಮೆರಿಕದ ಎಂಜಿನಿಯರ್ ಜಾನ್ ಕಾರ್ಸನ್ 1922ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಕಿರಿದಾದ ಪಟ್ಟಿಯ (ಪ್ರಸಾರ ಬಳಸುವ ಕಂಪನಾಂಕಗಳ ವ್ಯಾಪ್ತಿಯ) ಮಟ್ಟಿಗೆ ಆ ಲೆಕ್ಕ ಸರಿಯೇ ಇತ್ತು. ಆರ್ಮ್‌ಸ್ಟ್ರಾಂಗ್ ಪಟ್ಟಿಯನ್ನೇ ಅಗಲಗೊಳಿಸಿದರು. ಗ್ರಾಹಕದಲ್ಲಿ ಅಲೆಯ ಎತ್ತರದ ಏರುಪೇರನ್ನು ಕತ್ತರಿಸಿ ಸಮ ಮಾಡಿದರು. 1933ರ ಡಿಸೆಂಬರ್ 26ರಂದು ಪೇಟೆಂಟುಗಳು ದೊರೆತವು. 1935ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಎಂಜಿನಿಯರುಗಳ ಸಭೆಯಲ್ಲಿ, ಯಾಂಕರ್ಸ್‌ನ ಗೆಳೆಯನ ಹವ್ಯಾಸಿ ಕೇಂದ್ರದಿಂದ ಪ್ರಸಾರ ಮಾಡಿಸಿ, ಲೋಟಕ್ಕೆ ನೀರು ಸುರಿಯುವ ಸದ್ದು, ಕಾಗದ ಮುದುಡುವ ಸದ್ದು ಎಲ್ಲವನ್ನೂ ಇದ್ದದ್ದು ಇದ್ದಂತೆ ಕೇಳಿಸಿದರು. ರೇಡಿಯೊದಲ್ಲಿ ನೀರಿನ ಸದ್ದು ನೀರಿನ ಸದ್ದಿನಂತೆಯೇ ಕೇಳುವುದು ಅಂದಿನವರಿಗೆ ಹೊಸದು.

ಎರಡನೆಯ ಅಡ್ಡಿ ವ್ಯಾಪಾರದ್ದು, ಅದೇ ಗಟ್ಟಿಯಾದದ್ದು. ಅಮೆರಿಕದ ದೊಡ್ಡ ರೇಡಿಯೊ ಕಂಪನಿ ಆರ್‌ಸಿಎ ಎಎಂ ಜಾಲದಲ್ಲಿ ಹಣ ತೊಡಗಿಸಿತ್ತು, ಟೆಲಿವಿಷನ್ನಿನ ಕಡೆ ಕಣ್ಣಿಟ್ಟಿತ್ತು. ಅದರ ಮುಖ್ಯಸ್ಥ ಡೇವಿಡ್ ಸರ್ನಾಫ್ ಆರ್ಮ್‌ಸ್ಟ್ರಾಂಗ್ ಅವರ ಹಳೆಯ ಸ್ನೇಹಿತರು. ಆರ್ಮ್‌ಸ್ಟ್ರಾಂಗ್ ಮದುವೆಯಾದ ಮೇರಿಯನ್ ಸರ್ನಾಫ್ ಅವರ ಕಾರ್ಯದರ್ಶಿಯಾಗಿದ್ದವರು. ಎಂಪೈರ್ ಸ್ಟೇಟ್ ಕಟ್ಟಡದ ಮೇಲಿನ ಪ್ರಯೋಗಗಳಿಗೆ ಆರ್‌ಸಿಎ ಕೊಟ್ಟಿದ್ದ ಜಾಗವನ್ನು 1935ರಲ್ಲಿ ಬಿಡಬೇಕಾಯಿತು. ಆರ್ಮ್‌ಸ್ಟ್ರಾಂಗ್ ಸ್ವಂತ ಹಣದಿಂದ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ಗೋಪುರ ಕಟ್ಟಿದರು. ಎಫ್‌ಎಂಗೆ ಮೊದಲು ಮೀಸಲಾಗಿದ್ದ ಪಟ್ಟಿ 42ರಿಂದ 50 ಮೆಗಾಹರ್ಟ್ಸ್; 1945ರಲ್ಲಿ ಅಮೆರಿಕ ಸರ್ಕಾರದ ಸಂಪರ್ಕ ಆಯೋಗ ಅದನ್ನು 88ರಿಂದ 108ಕ್ಕೆ ಸರಿಸಿದಾಗ ಅದುವರೆಗೆ ಮಾರಾಟವಾಗಿದ್ದ ಲಕ್ಷಾಂತರ ರೇಡಿಯೊಗಳು ನಿರುಪಯೋಗಿಯಾಗುವಂತಾಯಿತು. ಹೊಸ ತಂತ್ರಜ್ಞಾನವೊಂದಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಊಹಿಸುವುದು ಕಷ್ಟ.

ಪೇಟೆಂಟ್ ಬಳಕೆಗೆ ರಾಯಧನ ಕೊಡದ ಆರ್‌ಸಿಎ ವಿರುದ್ಧ ಅವರು 1948ರಲ್ಲಿ ಮೊಕದ್ದಮೆ ಹೂಡಿದರು. ವಿಚಾರಣೆ ಎಳೆದಂತೆ ಹಣ, ಆರೋಗ್ಯ, ಮನೆಯ ನೆಮ್ಮದಿ ಎಲ್ಲವೂ ಕರಗಿದವು; ಮೂಲ ಪೇಟೆಂಟುಗಳ ಅವಧಿಯೂ ನಡುವೆಯೇ ಮುಗಿಯಿತು. 1954ರ ಜನವರಿ ಕೊನೆಯಲ್ಲಿ, 63ರ ವಯಸ್ಸಿನಲ್ಲಿ, ಅವರು ಆತ್ಮಹತ್ಯೆ ಮಾಡಿಕೊಂಡರು. ಅದೇ ವರ್ಷ ಆರ್‌ಸಿಎ ಸುಮಾರು ಹತ್ತು ಲಕ್ಷ ಡಾಲರಿಗೆ ರಾಜಿಗೆ ಬಂತು. ಉಳಿದ ಕಂಪನಿಗಳ ವಿರುದ್ಧದ ಮೊಕದ್ದಮೆಗಳನ್ನು ಮೇರಿಯನ್ ಕೈಬಿಡಲಿಲ್ಲ. ಮೊಟೊರೊಲಾ ವಿರುದ್ಧದ ಕೊನೆಯದನ್ನು ಅವರು ಗೆದ್ದದ್ದು 1967ರಲ್ಲಿ. ಅಮೆರಿಕದಲ್ಲಿ ಎಫ್‌ಎಂ ಕೇಳುಗರ ಸಂಖ್ಯೆ ಎಎಂ ಕೇಳುಗರನ್ನು ಮೀರಿಸಲು ಅಲ್ಲಿಂದ ಮತ್ತೂ ಸುಮಾರು ಹತ್ತು ವರ್ಷ ಹಿಡಿಯಿತು.