ನಾನು ಕೋಲೆರಿಕ್ (ಬೇಗ ಸಿಟ್ಟಾಗೋ, ಮುನ್ನುಗ್ಗೋ ಸ್ವಭಾವ), ಗಂಡ ಫ್ಲೆಗ್ಮ್ಯಾಟಿಕ್ (ನಿಧಾನದ, ಶಾಂತ ಸ್ವಭಾವ) ಅಂತ ವ್ಯಕ್ತಿತ್ವದ ಟೆಸ್ಟ್‌ನಲ್ಲಿ ಬಂದಿದೆ. ಬ್ಯಾಲೆನ್ಸ್ ಮಾಡೋದು ಹೇಗೆ?

ಮೊದಲು ಒಂದು ಹೇಳಿ. ನಿಮ್ಮ ಗಂಡನ ಟೆಸ್ಟ್‌ಗೆ ಉತ್ತರ ತುಂಬಿದ್ದು ಅವರಾ, ನೀವಾ? ನೀವೇ ಆಗಿದ್ದರೆ ನನ್ನ ಕಥೆ ಕೇಳಿ.

ದಾವಣಗೆರೆಯಲ್ಲಿ ನನಗೂ ನನ್ನ ತಮ್ಮನಿಗೂ ಸೇರಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಇಂಥದ್ದೇ ಕೆಲಸ. ಗಿರಾಕಿಗಳ ಹತ್ತಿರ ಮಾತು ನನ್ನದು, ಪ್ರೂಫ್, ಅಂದರೆ ಅಚ್ಚಿಗೆ ಮುಂಚೆ ತಪ್ಪು ಹುಡುಕೋದು, ಅವನದು. ಒಂದು ಕಾರ್ಡ್ ಹಿಡಿದು ಕೂತರೆ ಅರ್ಧ ಗಂಟೆ. ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ತಿರುವಿ, ತಾರೀಖಿಗೂ ವಾರಕ್ಕೂ ತಾಳೆ ನೋಡಿಯೇ ಬಿಡುತ್ತಿದ್ದ. ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಆಗ ಒಂದು ದಿನದ ವ್ಯಕ್ತಿತ್ವ ಶಿಬಿರಕ್ಕೆ ಹೋದೆ. ಹಳೇ ಗ್ರೀಕರ ಲೆಕ್ಕ ಹೇಳಿದರು: ಮೈಯಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ, ಯಾವುದು ಜಾಸ್ತಿಯೋ ಮನುಷ್ಯ ಹಾಗೆ. ಪಿತ್ತ ನೆತ್ತಿಗೇರಿತು ಅಂತ ನಾವೂ ಅಂತೀವಲ್ಲ, ತಕ್ಷಣ ಹಿಡಿಸಿಬಿಟ್ಟಿತು. ನಾನು ಹಳದಿ ಪಿತ್ತ, ಅಂದರೆ ಕೋಲೆರಿಕ್, ಹುಟ್ಟಾ ನಾಯಕ. ತಮ್ಮ ಕಫ, ಅಂದರೆ ಫ್ಲೆಗ್ಮ್ಯಾಟಿಕ್. ಅವನು ಶಿಬಿರಕ್ಕೆ ಬಂದೇ ಇರಲಿಲ್ಲ. ಅವನ ಟೆಸ್ಟ್ ಹಾಳೆಯನ್ನೂ ನಾನೇ ತುಂಬಿದ್ದೆ.

ಮಾರನೇ ದಿನವೇ ಹೇಳಿದೆ, "ನಿಂದು ಕಫದ ಸ್ವಭಾವ ಕಣಪ್ಪ, ನೀನು ಕಟಿಂಗ್ ನೋಡ್ಕೋ, ಪ್ರೂಫ್ ನಾ ನೋಡ್ತೀನಿ."

ಆ ತಿಂಗಳೇ ಒಬ್ಬರು ಹಿರಿಯರು ಮಗಳ ಮದುವೆಯ ಒಕ್ಕಣೆಯನ್ನು ಕೈಯಲ್ಲಿ ಬರೆದು ತಂದರು. ಅಂಕಿ ಎಲ್ಲಾ ಕನ್ನಡದ್ದು. ಅವರ ೫ ನನ್ನ ಕಣ್ಣಿಗೆ ೪ ಆಯಿತು. 600 ಕಾರ್ಡ್ ಹೊಡೆದೆ: 14, ಭಾನುವಾರ. ತಮ್ಮ ಕಟಿಂಗ್ ಮಾಡುತ್ತಾ ಕೇಳಿದ, "ಹದಿನಾಲ್ಕಕ್ಕೆ ಭಾನುವಾರ ಬರ್ತೈತಾ ಅಣ್ಣಾ?" "ಶುರುವಾಯ್ತು ನಿನ್ನ ಕಫ" ಅಂದೆ. ಕ್ಯಾಲೆಂಡರ್ ನನ್ನ ಬೆನ್ನ ಹಿಂದೆಯೇ ಇತ್ತು.

ಅಂಕಿ ತಪ್ಪು ಓದಿದ್ದು ದೊಡ್ಡದಲ್ಲ, ಈ ಕೆಲಸದಲ್ಲಿ ಅದು ಇದ್ದದ್ದೇ. ತಪ್ಪಾಗಿದ್ದು ಬೇರೆ ಕಡೆ. ಚೀಟಿ ಅಂಟಿಸಿದ ಮೇಲೆ ಅವನ ಮಾತು ನನಗೆ ಮಾತಾಗಿ ಕೇಳಿಸಲೇ ಇಲ್ಲ, ಸ್ವಭಾವವಾಗಿ ಕೇಳಿಸಿತು. ಕೇಳಿದರೆ ನಿಧಾನಿ, ಸುಮ್ನಿದ್ದರೆ ಸೋಮಾರಿ. ಅವನು ಕೇಳಿದ್ದು ಒಂದು ಸರಳ ಪ್ರಶ್ನೆ, ತಲೆ ತಿರುಗಿಸಿದ್ದರೆ ಉತ್ತರ ಸಿಗುತ್ತಿತ್ತು. ನಾನು ತಿರುಗಿಸಲಿಲ್ಲ, ಯಾಕಂದರೆ ಕೇಳಿದವನು "ಕಫ". ಅರ್ಧ ಕಾರ್ಡ್ ಹಂಚಿದ ಮೇಲೆ ಗೊತ್ತಾಯಿತು. ಮತ್ತೆ ಅಚ್ಚು ಹಾಕಿದ ದುಡ್ಡು ಹೋಗಲಿ, ತಮ್ಮ ಆಮೇಲೆ ಆರು ತಿಂಗಳು ಏನನ್ನೂ ಕೇಳಲಿಲ್ಲ.

ಮುಂದೆ ಮಗಳ ಬಿ.ಎಡ್. ಪುಸ್ತಕದಲ್ಲಿ ಓದಿದೆ. ಥಾಮಸ್ ಮತ್ತು ಚೆಸ್ ಅನ್ನೋ ಗಂಡ ಹೆಂಡತಿ 1956ರಿಂದ ನ್ಯೂಯಾರ್ಕ್‌ನಲ್ಲಿ ಮಕ್ಕಳ ಸ್ವಭಾವವನ್ನು ವರ್ಷಗಟ್ಟಲೆ ಗಮನಿಸಿದರು. ಮೂರು ಗುಂಪು ಮಾಡಿದರು, ಆದರೂ ಸುಮಾರು 35% ಮಕ್ಕಳು ಯಾವುದಕ್ಕೂ ಸೇರಲಿಲ್ಲ! ಸ್ವಭಾವ ಒಳ್ಳೇದೋ ಕೆಟ್ಟದ್ದೋ ಅನ್ನೋದಕ್ಕಿಂತ, ಅದು ಸುತ್ತಲಿನವರಿಗೆ ಹೊಂದುತ್ತಾ ಅನ್ನೋದೇ ಮುಖ್ಯ ಅಂದರು.

ಹಾಗಾಗಿ ಬ್ಯಾಲೆನ್ಸ್ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಅವರನ್ನು ಚುರುಕು ಮಾಡೋಕೆ ಹೋಗಬೇಡಿ. ನಿಧಾನ ಬೇಕಾದ ಕೆಲಸ ಅವರಿಗೇ ಬಿಡಿ. ಟೆಸ್ಟ್ ಬೇಕೇ ಬೇಕು ಅಂದರೆ ನಿಮ್ಮದನ್ನು ಮಾತ್ರ ಇಟ್ಟುಕೊಳ್ಳಿ, ಅವರ ಹಾಳೆ ಹರಿದು ಹಾಕಿ.

ಈಗ ಪ್ರೂಫ್ ಮತ್ತೆ ತಮ್ಮನದೇ. ಹೋದ ವಾರ ಒಂದು ನಾಮಕರಣದ ಕಾರ್ಡ್ ಹಿಡಿದು ಮುಕ್ಕಾಲು ಗಂಟೆ ಕೂತ. ತಪ್ಪೇನೂ ಸಿಗಲಿಲ್ಲ. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಎದ್ದು ಟೀ ಅಂಗಡಿಗೆ ಹೋದೆ.