ತಡವಾದದ್ದು ಸ್ಕೋಪ್ ತೊಳೆಯುವುದಕ್ಕೆ

ಅಂಕೋಲೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ ಹೀಗಿದೆ. ಅವರ ಪತ್ನಿಗೆ ಬಹುಕಾಲದಿಂದ ಹೊಟ್ಟೆಯುರಿ. ಕಾರವಾರದ ಆಸ್ಪತ್ರೆಯೊಂದರಲ್ಲಿ ಎಂಡೋಸ್ಕೋಪಿಗೆಂದು (ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು, ಅಂದರೆ ಸ್ಕೋಪನ್ನು, ಬಾಯಿಂದ ಹೊಟ್ಟೆಗಿಳಿಸಿ ನೋಡುವ ಪರೀಕ್ಷೆ) ಹೋದರೆ, ‘ಗ್ಯಾಸಿನ ಮಾತ್ರೆ ಎರಡು ವಾರ ನಿಲ್ಲಿಸಿ ಬನ್ನಿ’ ಎಂದು ವಾಪಸು ಕಳಿಸಿದರು. ಮತ್ತೆ ಹೋದಾಗ ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಹಸಿದು ಕುಳಿತದ್ದಾಯಿತು. ಕೇಳಿದರೆ ಸಿಬ್ಬಂದಿ ‘ಸ್ಕೋಪ್ ತೊಳೆಯುತ್ತಿದ್ದಾರೆ’ ಎಂದರಂತೆ. ಒಳಗೆ ವೈದ್ಯರೂ ಹತ್ತು ನಿಮಿಷ ತೆಗೆದುಕೊಂಡರು. ಹುಬ್ಬಳ್ಳಿಯಲ್ಲಿ ಅವರ ಭಾವನಿಗೆ ಎರಡೇ ನಿಮಿಷದಲ್ಲಿ ಮುಗಿದಿತ್ತು. ‘ನಮ್ಮ ಜಿಲ್ಲೆ ಹಿಂದುಳಿದಿದೆ ಎನ್ನಲು ಇನ್ನೇನು ಸಾಕ್ಷಿ ಬೇಕು? ನನಗೂ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಸ್ಕೋಪ್ ಇಳಿಸಿ ನೋಡುವ ಪರೀಕ್ಷೆ) ಹೇಳಿದ್ದಾರೆ, ಹುಬ್ಬಳ್ಳಿಗೇ ಹೋಗಲೇ?’ ಎಂದು ಕೇಳಿದ್ದಾರೆ.

ಮಾನ್ಯ ಮಾಸ್ತರರೇ,

ಹಸಿವಿನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಈ ಪರೀಕ್ಷೆಗೆ ಸಾಮಾನ್ಯವಾಗಿ ಊಟ ಬಿಟ್ಟು ಆರು ಗಂಟೆ, ನೀರು ಬಿಟ್ಟು ಎರಡು ಗಂಟೆ ಆಗಿದ್ದರೆ ಸಾಕು. (ಹಾಲು ಹಾಕಿದ ಚಹಾ ಊಟದ ಲೆಕ್ಕಕ್ಕೇ ಸೇರುತ್ತದೆ.) ಹನ್ನೆರಡಕ್ಕೆ ಸರದಿ ಬರುವವರು ಹತ್ತರವರೆಗೆ ನೀರು ಕುಡಿಯಬಹುದಿತ್ತು. ಎಲ್ಲರನ್ನೂ ಏಳಕ್ಕೇ ಕರೆಸಿ ಬೆಂಚಿನ ಮೇಲೆ ಕೂರಿಸುವುದು ಬರೀ ಸೋಮಾರಿತನ. ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ ಅದು ಅಪಾಯ. ಇದನ್ನು ಆ ಆಸ್ಪತ್ರೆಗೆ ಲಿಖಿತವಾಗಿಯೇ ತಿಳಿಸಿ.

ಉಳಿದ ಮೂರು ದೂರುಗಳನ್ನು ಮಾತ್ರ ನಾನು ಒಪ್ಪುವುದಿಲ್ಲ.

ಹೊಟ್ಟೆಗಿಳಿಸುವ ಸ್ಕೋಪ್ ಸುಮಾರು ಒಂದು ಮೀಟರ್ ಉದ್ದ. ಅದರೊಳಗೆ ಉದ್ದಕ್ಕೂ ಒಂದು ನಾಳವಿರುತ್ತದೆ, ಅಗಲ ಸಾಮಾನ್ಯವಾಗಿ 2.8 ಮಿ.ಮೀ. ಬಯಾಪ್ಸಿಗೆ, ಅಂದರೆ ಪರೀಕ್ಷೆಗೆಂದು ಒಳಗಿನ ಚೂರು ಕೀಳಲು, ಚಿಮಟ ಇಳಿಯುವುದೂ ಲೋಳೆ, ರಕ್ತ ಮೇಲಕ್ಕೆ ಬರುವುದೂ ಅದರಲ್ಲೇ. ಕುದಿಸಿ ಶುದ್ಧ ಮಾಡೋಣವೆಂದರೆ ಮಸೂರ, ಅಂಟು, ರಬ್ಬರು ತಾಳುವುದಿಲ್ಲ. ಹಾಗಾಗಿ ರೋಗಿಯ ಬಾಯಿಂದ ತೆಗೆದ ಕೂಡಲೇ ಹೊರಮೈ ಒರೆಸಬೇಕು, ನಾಳದೊಳಗೆ ಸೋಪಿನ ದ್ರಾವಣ ಎಳೆಸಬೇಕು, ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಬೇಕು. ಆಮೇಲೆ ಉದ್ದನೆಯ ಬ್ರಷ್ಷನ್ನು ಈ ತುದಿಯಿಂದ ಆ ತುದಿಗೆ ತೂರಿಸಿ, ಹೊರಬಂದ ಬ್ರಷ್ಷಿನಲ್ಲಿ ಕೊಳೆ ಕಾಣದಾಗುವವರೆಗೆ ಉಜ್ಜಬೇಕು. ಈ ಉಜ್ಜುವ ಕೆಲಸ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ; ಅಂಟಿದ ಕೊಳೆಯ ಕೆಳಗಿರುವ ರೋಗಾಣುವಿಗೆ ಔಷಧಿ ತಲುಪುವುದೇ ಇಲ್ಲ. ಅನಂತರ ರೋಗಾಣು ಕೊಲ್ಲುವ ಗ್ಲುಟರಾಲ್ಡಿಹೈಡ್‌ನಂಥ ದ್ರಾವಣದಲ್ಲಿ ಮುಳುಗಿಸಿಡುವುದು, ಶೇ 2ರ ದ್ರಾವಣವಾದರೆ ವಾಡಿಕೆಯಂತೆ 20 ನಿಮಿಷ. ಮತ್ತೆ ತೊಳೆದು, ಗಾಳಿ ಹಾಯಿಸಿ ಒಣಗಿಸಬೇಕು. ಇದರಲ್ಲಿ ಕಳ್ಳತನ ಮಾಡಿದರೆ ಒಬ್ಬರ ಹೆಪಟೈಟಿಸ್ ಇನ್ನೊಬ್ಬರಿಗೆ ದಾಟಬಹುದು.

ಈಗ ನೀವೇ ಲೆಕ್ಕ ಹಾಕಿ, ಮಾಸ್ತರರಲ್ಲವೇ? ಒಂದು ಸ್ಕೋಪಿಗೆ ತೊಳೆಯಲು ಮುಕ್ಕಾಲು ಗಂಟೆಯ ಹತ್ತಿರ ಬೇಕು. ಆಸ್ಪತ್ರೆಯಲ್ಲಿ ಎರಡು ಸ್ಕೋಪ್ ಇದ್ದರೆ ಗಂಟೆಗೆ ಎಷ್ಟು ಜನರಿಗೆ ಪರೀಕ್ಷೆ ಮಾಡಬಹುದು? ಎರಡೇ ಇಟ್ಟುಕೊಂಡು ಗಂಟೆಗೆ ಹತ್ತು ಜನರನ್ನು ಮುಗಿಸುವ ಕಡೆ ನಾನಾದರೆ ಎದ್ದು ಬರುತ್ತೇನೆ. ನಿಮ್ಮ ಭಾವ ಹೋದ ಕಡೆ ಎಷ್ಟಿದ್ದವೋ ನೀವು ಬರೆದಿಲ್ಲ.

ವೈದ್ಯರ ಹತ್ತು ನಿಮಿಷದ ಮಾತು. ಮೊದಲ ಸಲ ಹೊಟ್ಟೆಯ ಎಂಡೋಸ್ಕೋಪಿ ಮಾಡುವಾಗ ಕನಿಷ್ಠ 7 ನಿಮಿಷ ನೋಡಬೇಕು, ಕನಿಷ್ಠ 10 ಚಿತ್ರ ಉಳಿಸಿಕೊಳ್ಳಬೇಕು ಎಂದು ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘ 2016ರಲ್ಲಿ ಹೇಳಿದೆ. ಜಠರದ ಗೋಡೆ ಮಡಿಕೆ ಮಡಿಕೆಯಾಗಿರುತ್ತದೆ. ಗಾಳಿ ತುಂಬಿ ಮಡಿಕೆ ಬಿಡಿಸಿ, ಲೋಳೆ ತೊಳೆದು ನೋಡದಿದ್ದರೆ ಎಳೆಯ ಕ್ಯಾನ್ಸರ್ ಕಣ್ಣಿಗೆ ಬೀಳುವುದಿಲ್ಲ. ನಾವು ಮಾತ್ರ ಎರಡು ನಿಮಿಷದ ವೈದ್ಯರನ್ನೇ ‘ಕೈ ಚುರುಕು’ ಎಂದು ಊರೆಲ್ಲ ಹೊಗಳುತ್ತೇವೆ.

ಮಾತ್ರೆ ನಿಲ್ಲಿಸಲು ಹೇಳಿದ್ದೂ ಸರಿಯೇ. ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಎಂಬ ಗ್ಯಾಸಿನ ಮಾತ್ರೆ ನುಂಗುತ್ತಿದ್ದರೆ ಆ ಬ್ಯಾಕ್ಟೀರಿಯಾ ಇದ್ದೂ ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ಆದರೆ ಮಲ ಕಪ್ಪಾಗಿದ್ದರೆ, ರಕ್ತವಾಂತಿಯಾದರೆ, ತುತ್ತು ಸಿಕ್ಕಿಕೊಳ್ಳುತ್ತಿದ್ದರೆ, ಸುಮ್ಮನೆ ತೂಕ ಇಳಿಯುತ್ತಿದ್ದರೆ ಎರಡು ವಾರ ಕಾಯುವ ಮಾತೇ ಇಲ್ಲ.

ಜಿಲ್ಲೆ ಹಿಂದುಳಿದಿಲ್ಲವೆಂದು ನಾನು ವಾದಿಸುತ್ತಿಲ್ಲ. 2022ರಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಗುಚಿದಾಗ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಎದ್ದ ಕೂಗು ನಮ್ಮೆಲ್ಲರದು. ಆದರೆ ಆಸ್ಪತ್ರೆ ಕೇಳುವಾಗ ಸ್ಕೋಪ್ ತೊಳೆಯುವವರನ್ನೂ ಕೇಳೋಣ. ಗ್ಲುಟರಾಲ್ಡಿಹೈಡ್‌ನ ಹಬೆ ಕಣ್ಣು, ಮೂಗು ಉರಿಸುತ್ತದೆ, ದಮ್ಮು ತರಿಸುತ್ತದೆ. ಆ ಕೆಲಸಕ್ಕೆ ಗಾಳಿಯಾಡುವ ಕೋಣೆ, ಕೈಗವಸು, ತರಬೇತಿ, ಮರ್ಯಾದೆಯ ಸಂಬಳ ಬೇಕು. ಹೊಸ ಯಂತ್ರದ ಉದ್ಘಾಟನೆಗೆ ರಿಬ್ಬನ್ ಕತ್ತರಿಸುವವರು ಈ ಕೋಣೆಯ ಕಡೆ ಇಣುಕಿಯೂ ನೋಡುವುದಿಲ್ಲ.

ನಿಮ್ಮ ಕೊಲೊನೋಸ್ಕೋಪಿಯನ್ನು ಕಾರವಾರದಲ್ಲೇ ಮಾಡಿಸಿ. ಸ್ಕೋಪ್ ಹಿಂದಕ್ಕೆ ಎಳೆಯುತ್ತ ನೋಡುವುದಕ್ಕೆ ಕನಿಷ್ಠ 6 ನಿಮಿಷ ಕೊಡುತ್ತಾರೆಯೇ ಎಂದು ಕೇಳಿ, ಕೇಳಿದರೆ ಒಳ್ಳೆಯ ವೈದ್ಯರು ಮುನಿಸಿಕೊಳ್ಳುವುದಿಲ್ಲ. ಒಪ್ಪಿಗೆ ಪತ್ರವನ್ನು ಓದಿಯೇ ಸಹಿ ಹಾಕಿ: ಪರೀಕ್ಷೆಗೆ ಕೊಟ್ಟ ಒಪ್ಪಿಗೆ, ಜೀವಕ್ಕೆ ಅಪಾಯವಿದ್ದಾಗಲ್ಲದೆ, ಚಿಕಿತ್ಸೆಗೂ ಕೊಟ್ಟಂತಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಕರುಳಿನಲ್ಲಿ ಗಂಟು (ಪಾಲಿಪ್) ಕಂಡರೆ ಆಗಲೇ ತೆಗೆಯುವುದೋ ಬೇಡವೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಹಿಂದಿನ ದಿನ ತಂಪಿಗೆಂದು ಮುರುಗಲು ಪಾನಕ ಕುಡಿಯಬೇಡಿ, ಕರುಳಿನಲ್ಲಿ ಆ ಕೆಂಪು ರಕ್ತದಂತೆ ಕಾಣಬಹುದು, ಎಳನೀರಾದರೆ ಅಡ್ಡಿಯಿಲ್ಲ. ನಿದ್ದೆಯ ಇಂಜೆಕ್ಷನ್ ಕೊಟ್ಟರೆ ಆ ದಿನವೆಲ್ಲ ಸ್ಕೂಟರ್ ಮುಟ್ಟಬೇಡಿ, ಮಗನನ್ನು ಜೊತೆಗೆ ಕರೆದೊಯ್ಯಿರಿ.

– ಸಂಪಾದಕ